ಮಂಚಮ್ಮ ಆಡದ ಮಾತು

ದೇವರಾಜು,

‘ಪ್ರೀತಿಯ’ ಎಂದು ಶುರು ಮಾಡೋಣವೆಂದರೆ ಕೈ ಏಳಲಿಲ್ಲ. ‘ಮಾನ್ಯರೇ’ ಎಂದರೆ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡ ದಿನಗಳೆಲ್ಲ ಸುಳ್ಳಾಗುತ್ತವೆ. ಅದಕ್ಕೇ ಬರೀ ಹೆಸರು ಬರೆದಿದ್ದೇನೆ.

ಮೊನ್ನೆ ನೀನು ಕಳಿಸಿದ ವಾಯ್ಸ್ ಮೆಸೇಜು ಕೇಳಿದೆ. “ಲೇ ಇನಾಯತ್, ‘ಬಿರುಮಾತು’ ಪತ್ರಿಕೆಗೆ ಇಪ್ಪತ್ತೈದು ವರ್ಷ ಆಯ್ತು ಕಣ್ಲಾ. ಬೆಳ್ಳಿಹಬ್ಬದ ಸಂಚಿಕೆ ತರ್ತಾ ಇವ್ನಿ. ಶುರುವಿನ ದಿನಗಳನ್ನ ನಿನ್ನಂಗೆ ಯಾರು ಬರೀತಾರೆ? ಒಂದೆರಡು ಪುಟ ಬರ್ಕೊಡು” ಅಂದಿದ್ದೀಯ. ಎರಡು ಸಲ ಕೇಳಿಸಿಕೊಂಡೆ. ನಿನ್ನ ದನಿಯಲ್ಲಿ ಎಲ್ಲಾದರೂ ಮುಜುಗರ ಇದೆಯೇನೋ ಎಂದು ಹುಡುಕಿದೆ. ಇರಲಿಲ್ಲ. ನೀನು ನಿಜವಾಗಿಯೂ ಮರೆತಿದ್ದೀಯ. ವಾರಕ್ಕೊಮ್ಮೆ ಹೊಸಬರ ಮೇಲೆ ಹೊಸದಾಗಿ ಸಿಟ್ಟಾಗಬೇಕಾದವನಿಗೆ ಹಳಬರನ್ನು ನೆನಪಿಟ್ಟುಕೊಳ್ಳಲು ಪುರಸೊತ್ತಾದರೂ ಎಲ್ಲಿರುತ್ತದೆ? ಇದು ಆ ಸಂಚಿಕೆಗೆ ಬರೆದದ್ದಲ್ಲ. ನೀನೊಬ್ಬನೇ ಓದಿಕೊ.

ಶುರುವಿನ ದಿನಗಳು ನನಗೆ ಚೆನ್ನಾಗಿಯೇ ನೆನಪಿವೆ. ಶ್ರೀರಂಗಪಟ್ಟಣದಲ್ಲಿ ಕೋಟೆ ಗೋಡೆಯ ಮಗ್ಗುಲಲ್ಲಿ ಬಾಡಿಗೆಗೆ ಹಿಡಿದ ಆ ರೂಮು, ಮಳೆ ಬಂದರೆ ಪೇಪರು ಕಟ್ಟುಗಳನ್ನು ಮಂಚದ ಮೇಲಿಟ್ಟು ನಾವು ನೆಲದಲ್ಲಿ ಕೂರುತ್ತಿದ್ದದ್ದು. ಮೂವತ್ತು ದಾಟಿದ ಮೇಲೆ ನಾನಾಗ ತಾನೇ ಬಿ.ಇಡಿ. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದೆ. ನೀನು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ‘ಅ’ಕಾರ ‘ಹ’ಕಾರದಲ್ಲಿ ನೀನು ಯಾವಾಗಲೂ ತಪ್ಪುತ್ತಿದ್ದೆ. “ನಮ್ಮೂರ್ನಾಗೆ ‘ಹ’ ಇಲ್ವಲ್ಲೋ, ನಾನೆಲ್ಲಿಂದ ತರ್ಲಿ?” ಎಂದು ನಗುತ್ತಿದ್ದೆ. ಆದರೆ ಒಂದು ವಿಷಯದಲ್ಲಿ ಮಾತ್ರ ನಾನು ನಿನ್ನನ್ನು ತಿದ್ದಬೇಕಾಗಿರಲಿಲ್ಲ. ಚಿಕ್ಕಬೋರಮ್ಮ ಎಂಬ ಕೂಲಿ ಹೆಂಗಸಿಗೆ ವಿಧವಾ ವೇತನ ಕೊಡದೆ ಕಚೇರಿಯವರು ಅಲೆದಾಡಿಸಿದ್ದನ್ನು ನೀನು ಬರೆದೆಯಲ್ಲ, ಆ ಬರಹದ ಉದ್ದಕ್ಕೂ ಆಕೆಯನ್ನು ‘ಚಿಕ್ಕಬೋರಮ್ಮನವರು’ ಎಂದೇ ಬರೆದಿದ್ದೆ. ಜವಾನನೂ ಆಕೆಯನ್ನು ‘ಏನಮ್ಮಿ’ ಅನ್ನುತ್ತಿದ್ದ ಕಾಲ. ಆಕೆ ಪತ್ರಿಕೆ ಹಿಡಿದುಕೊಂಡು ನಮ್ಮ ರೂಮಿಗೆ ಬಂದು, “ಇನ್ನೊಂದ್ಸಲ ಓದಪ್ಪ, ನನ್ನೆಸ್ರು ಬರೋ ಕಡೆ” ಎಂದು ಕೂತಿದ್ದಳು. ಪಿಂಚಣಿ ಬಂತೋ ಇಲ್ಲವೋ ನನಗೆ ಮರೆತುಹೋಗಿದೆ. ಆ ‘ಅವರು’ ಕೇಳಿದಾಗ ಆಕೆ ಸೆರಗು ಸರಿ ಮಾಡಿಕೊಂಡದ್ದು ಮರೆತಿಲ್ಲ.

ಆಮೇಲೆ ನನಗೆ ಶೀಳನೆರೆಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರ ಕೆಲಸ ಸಿಕ್ಕಿತು. ಕೆ.ಆರ್. ಪೇಟೆಯಲ್ಲಿ ಮನೆ ಮಾಡಿದೆ. ನೀನು ಪಾಂಡವಪುರಕ್ಕೆ ಆಫೀಸು ಬದಲಾಯಿಸಿದೆ. ವಾರ ವಾರ ‘ಬಿರುಮಾತು’ ತಪ್ಪದೆ ಬರುತ್ತಿತ್ತು, ನಾನು ತಪ್ಪದೆ ಓದುತ್ತಿದ್ದೆ. ಅದು ಯಾವ ವರ್ಷದಿಂದ ಬದಲಾಯಿತು ಎಂದು ಕೇಳಿದರೆ ಹೇಳಲಾರೆ. ಮೊದಲು ಕದ್ದವನಿಗೆ ಮಾತ್ರ ‘ಅವನು’ ಇತ್ತು. ಆಮೇಲೆ ಕದ್ದನೆಂದು ಯಾರೋ ಹೇಳಿದವನಿಗೂ ‘ಅವನು’ ಬಂತು. ಆಮೇಲೆ ನಿನಗೆ ಜಾಹೀರಾತು ಕೊಡದವನಿಗೂ. ಮೇಷ್ಟರುಗಳೆಲ್ಲ ‘ಸಂಬಳದ ಹೆಗ್ಗಣಗಳು’ ಆದೆವು. ಗಂಡ ಸತ್ತ ಹೆಂಗಸು ಪಂಚಾಯ್ತಿಗೆ ನಿಂತರೆ ‘ರಂಗಿನಾಟ’ ಆಯಿತು. ತಲೆಬರಹದ ಕೊನೆಯಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ಟರೆ ಏನು ಬೇಕಾದರೂ ಬರೆಯಬಹುದು ಎಂಬುದನ್ನು ನೀನು ಕಂಡುಕೊಂಡಿದ್ದೆ. ‘ಎನ್ನಲಾಗಿದೆ’ ಎಂದರೆ ಅನ್ನುವವರು ಯಾರೆಂದು ಹೇಳಬೇಕಾಗಿಲ್ಲ. ಸರಗಳ್ಳತನ ಮಾಡಿದವನು ನಿಮ್ಮವನಾದರೆ ‘ದಾರಿ ತಪ್ಪಿದ ಯುವಕ’. ನಮ್ಮವನಾದರೆ ‘ಒಂದು ಕೋಮಿನ ಯುವಕ’. ಅವನು ದಾರಿ ತಪ್ಪುವ ಪ್ರಮೇಯವೇ ಇಲ್ಲ, ಅವನ ದಾರಿಯೇ ಅದು ಎಂಬಂತೆ. ಇದನ್ನು ನಿನಗೆ ಒಂದು ಸಲ ಫೋನಿನಲ್ಲಿ ಹೇಳಿದೆ. “ನಿನ್ನಂತೋರ್ಗಲ್ಲ ಕಣ್ಲಾ ಅದು, ನೀನ್ಯಾಕೆ ಮೈಮೇಲೆ ಆಕತೀಯ” ಅಂದೆ. ನನ್ನಂಥವರು ಎಂದರೆ ಯಾರು, ನನ್ನಂಥವರಲ್ಲದವರು ಯಾರು ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ. ಗೆಳೆತನದಲ್ಲಿ ಕೆಲವು ಪ್ರಶ್ನೆಗಳನ್ನು ನುಂಗಿಕೊಂಡೇ ಬದುಕುತ್ತೇವೆ.

ನನ್ನ ಮಗಳು ಶಬ್ರೀನ್ ನರ್ಸಿಂಗ್ ಓದಿ ಸರ್ಕಾರಿ ಕೆಲಸಕ್ಕೆ ಸೇರಿದಾಗ ನಿನಗೆ ಸಿಹಿ ಕಳಿಸಿದ್ದೆ. ನಮ್ಮ ಕಡೆಯದೇ ಒಂದು ಆಸ್ಪತ್ರೆ. ಅದರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ನೀನು ಬರೆದದ್ದೇ ಅದಕ್ಕೆ ಸಾಕಾಗಿದೆ. ಅವಳು ಹೆರಿಗೆ ವಾರ್ಡಿನಲ್ಲಿದ್ದಳು. ಮನೆಗೆ ಬಂದರೆ ಅವಳ ಮಾತೆಲ್ಲ ಅದೇ. ಇವತ್ತು ಅವಳಿಜವಳಿ ಅಮ್ಮೀ, ಇವತ್ತು ತೂಕ ಎಷ್ಟು ಗೊತ್ತಾ ಅಮ್ಮೀ, ಎಂದು ನಜ್ಮುನ್ನೀಸಾಳ ಹಿಂದೆ ಹಿಂದೆ ಅಡುಗೆಮನೆಯಲ್ಲಿ ಸುತ್ತುತ್ತಿದ್ದಳು. ನನ್ನ ಹೆಂಡತಿ ರೊಟ್ಟಿ ತಟ್ಟುತ್ತಾ, “ಊರೋರ ಮಕ್ಕಳ ತೂಕ ಎಲ್ಲಾ ನಂಗ್ಯಾಕೆ ಹೇಳ್ತೀ” ಎಂದು ಬೈಯುತ್ತಲೇ ಕೇಳಿಸಿಕೊಳ್ಳುತ್ತಿದ್ದಳು.

ಹೋದ ವರ್ಷಕ್ಕೂ ಹಿಂದಿನ ವರ್ಷದ ಕಬ್ಬಿನ ಕಾಲದಲ್ಲಿ ರಂಜಿತ ಎಂಬ ತುಂಬು ಬಸುರಿಯನ್ನು ಅಲ್ಲಿಗೆ ಕರೆತಂದರು. ಶೀಳನೆರೆ ಪಕ್ಕದ ಊರು. ಗಂಡ ಚಲುವರಾಜು ನನ್ನ ಹಳೆಯ ವಿದ್ಯಾರ್ಥಿ. ಅವನು ಮಾಕವಳ್ಳಿ ಕಾರ್ಖಾನೆಗೆ ಕಬ್ಬಿನ ಟ್ರಾಕ್ಟರು ಹೊಡೆದುಕೊಂಡು ಹೋಗಿ ಸಾಲಿನಲ್ಲಿ ನಿಂತಿದ್ದ. ಅತ್ತೆ ಮಂಚಮ್ಮನೇ ಆಟೋದಲ್ಲಿ ಕೂರಿಸಿಕೊಂಡು ಬಂದಿದ್ದಳು. ಹಿಂದಿನ ದಿನದಿಂದ ಕೂಸು ಮಿಸುಕಿರಲಿಲ್ಲವಂತೆ. ನೋವು ಬಂದರೆ ಸರಿಹೋಗುತ್ತದೆ ಎಂದುಕೊಂಡು ಸೊಸೆ ಯಾರಿಗೂ ಹೇಳಿರಲಿಲ್ಲ. ಶಬ್ರೀನ್ ಎದೆಬಡಿತ ಹುಡುಕಿದಳು. ಸಿಗಲಿಲ್ಲ. ಡಾಕ್ಟರೂ ಹುಡುಕಿದರು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಹೆತ್ತ ಮೇಲೆ ರಂಜಿತಳಿಗೆ ರಕ್ತ ನಿಲ್ಲಲಿಲ್ಲ. ಡಾಕ್ಟರು ಇಂಜೆಕ್ಷನ್ನು, ಡ್ರಿಪ್ಪು ಎಂದು ಓಡಾಡುತ್ತಿದ್ದರೆ ಶಬ್ರೀನ್ ಆ ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿಹಿಡಿದವಳು ರಕ್ತ ನಿಲ್ಲುವವರೆಗೂ ತೆಗೆಯಲಿಲ್ಲ. ರಂಜಿತ ಉಳಿದಳು.

ಮಂಚಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತು ಎದೆ ಬಡಿದುಕೊಂಡು ಅತ್ತಳು. ಮೊದಲ ಮೊಮ್ಮಗು. ಅವಳ ಕಡೆಯ ಒಬ್ಬಿಬ್ಬರು ಸಿಟ್ಟಿನಲ್ಲಿ ಕೂಗಾಡಿದರು. ಅದು ಸಹಜ. ಸಾವಿನ ಮುಂದೆ ಯಾರಾದರೂ ಒಬ್ಬರನ್ನು ಬೈಯಬೇಕು. ಅಷ್ಟರಲ್ಲಿ ನಿನ್ನ ವರದಿಗಾರ ಮೊಬೈಲು ಹಿಡಿದು ನಿಂತಿದ್ದ.

ಆ ವಾರದ ‘ಬಿರುಮಾತು’ ನಾನು ಸ್ಟಾಫ್ ರೂಮಿನಲ್ಲಿ ನೋಡಿದೆ. ನಾನು ಒಳಗೆ ಕಾಲಿಟ್ಟಾಗ ಒಬ್ಬರು ಅದನ್ನು ಮಡಿಚಿ ಡ್ರಾಯರಿನೊಳಗೆ ಇಟ್ಟರು. ಕೊಡಿ ಎಂದೆ. ಕೊಡಲು ಹಿಂಜರಿದರು. ಮೊದಲ ಪುಟದಲ್ಲೇ ಇತ್ತು. ‘ಸರ್ಕಾರಿ ಆಸ್ಪತ್ರೆಯೋ, ಕಸಾಯಿಖಾನೆಯೋ?’ ಅದರ ಕೆಳಗೆ ಕೆಂಪಿನಲ್ಲಿ, ‘ಕೂಸು ಕೊಂದ ಕಟುಕಿ ಶಬ್ರೀನ್!’ ಎಲ್ಲಿಂದಲೋ ಕಿತ್ತು ತಂದ ನನ್ನ ಮಗಳ ಫೋಟೋ. ಮಂಚಮ್ಮ ಅಳುತ್ತಿರುವ ಫೋಟೋ. ಅದರ ಅಡಿಯಲ್ಲಿ ಅವಳ ಬಾಯಿಂದ ಬಂತೆಂದು ಒಂದು ಮಾತು: ‘ನಮ್ಮ ಕೂಸನ್ನು ತಿಂದುಬಿಟ್ಟಳಲ್ಲಪ್ಪೋ!’

ಆಸ್ಪತ್ರೆಗಳನ್ನು ಕಸಾಯಿಖಾನೆ ಅನ್ನುವುದು ನಿನ್ನ ಹಳೆಯ ಚಾಳಿ. ಅಲ್ಲಿದ್ದ ನರ್ಸು ಬೇರೆ ಯಾರಾಗಿದ್ದರೂ ಅದೇ ಬರೆಯುತ್ತಿದ್ದೆಯೇನೋ. ಆದರೆ ಆ ಮಾತಿನ ಪಕ್ಕದಲ್ಲಿ ನಮ್ಮ ಹೆಸರು ಬಂದು ನಿಂತಾಗ ಅದು ಬರೀ ಬೈಗುಳವಾಗಿ ಉಳಿಯುವುದಿಲ್ಲ ಎಂಬುದು ಭಾಷೆ ಬಲ್ಲ ನಿನಗೆ ಗೊತ್ತಿರಲಿಲ್ಲವೇ? ಓದಿದವರು ಮುಂದಿನದನ್ನು ತಾವೇ ತುಂಬಿಕೊಂಡರು. ಸಂಜೆಯೊಳಗೆ ಆ ಪುಟದ ಫೋಟೋ ವಾಟ್ಸಾಪಿನಲ್ಲಿ ನಮ್ಮ ಬೀದಿಗೆಲ್ಲ ಬಂತು. ನೀನು ಬರೆಯದೇ ಬಿಟ್ಟದ್ದನ್ನೂ ಜನ ಅದರ ಕೆಳಗೆ ಬರೆದಿದ್ದರು.

ಆ ವಾರವೇ ಒಂಬತ್ತನೇ ತರಗತಿಗೆ ಲಿಂಗ ಪಾಠ ಮಾಡುತ್ತಿದ್ದೆ. ಗಾಯಕ, ಗಾಯಕಿ. ಸೇವಕ, ಸೇವಕಿ. ಇನ್ನೊಂದು ಹೇಳಿ ಎಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಕಟುಕ, ಕಟುಕಿ ಸಾರ್” ಅಂದಳು. ಪಾಪ, ಅವಳಿಗೇನೂ ಗೊತ್ತಿರಲಿಲ್ಲ. ಗೊತ್ತಿದ್ದ ಕೆಲವರು ತಲೆ ತಗ್ಗಿಸಿದರು. ನಿಘಂಟಿನಲ್ಲಿ ಆ ಪದ ಇದೆಯೋ ಇಲ್ಲವೋ, ನಮ್ಮ ಸೀಮೆಯಲ್ಲಿ ಯಾರ ಬಾಯಲ್ಲೂ ಅದನ್ನು ನಾನು ಕೇಳಿರಲಿಲ್ಲ. ನೀನು ಕೊಟ್ಟದ್ದು ಅದು. “ರೂಪ ಸರಿಯಾಗಿದೆ, ಕೂತ್ಕೊಳಮ್ಮ” ಎಂದೆ. ಬೋರ್ಡಿನ ಮೇಲೂ ಬರೆದೆ. ಬರೆಯದಿದ್ದರೆ ಅವಳಿಗೆ ತಾನೇನು ತಪ್ಪು ಮಾಡಿದೆ ಎಂದು ತಿಳಿಯುತ್ತಿರಲಿಲ್ಲವಲ್ಲ.

ಶಬ್ರೀನ್ ಮನೆಯಲ್ಲಿ ಏನೂ ಹೇಳಲಿಲ್ಲ. ಅವಳ ಜೊತೆ ಕೆಲಸ ಮಾಡುವ ಸ್ನೇಹ ಎಂಬ ಹುಡುಗಿ ನಜ್ಮುನ್ನೀಸಾಳಿಗೆ ಫೋನು ಮಾಡಿ ಹೇಳಿದಳು. ಹೆರಿಗೆಗೆ ಬಂದ ಒಬ್ಬಾಕೆಯ ತಾಯಿ ವಾರ್ಡಿನ ಬಾಗಿಲಲ್ಲೇ, “ಆ ಸಾಬ್ರಮ್ಮ ಮುಟ್ಟಾದು ಬ್ಯಾಡ, ಬ್ಯಾರೇರ್ನ ಕರೀರಿ” ಎಂದು ಅಡ್ಡ ನಿಂತಳಂತೆ. ಶಬ್ರೀನ್ ಹಾಕಿಕೊಂಡಿದ್ದ ಕೈಗವಸು ಬಿಚ್ಚಿ ಹೊರಗೆ ಹೋಗಿ ನಿಂತಳಂತೆ. ಒಳಗೆ ಆ ಹೆಂಗಸು ನೋವಿನಲ್ಲಿ ಕೂಗುವುದು ಕೇಳುತ್ತಿತ್ತು, ಇವಳು ಗೋಡೆಗೆ ಒರಗಿ ನಿಂತೇ ಇದ್ದಳಂತೆ. ಆಮೇಲೆ ಮನೆಗೆ ಬಂದರೆ ತೂಕದ ಮಾತಿಲ್ಲ, ಅವಳಿಜವಳಿಯ ಮಾತಿಲ್ಲ. ನಜ್ಮುನ್ನೀಸಾ ತಾನಾಗಿಯೇ, “ಇವತ್ತು ಎಷ್ಟು ಹೆರಿಗೆ ಆಯ್ತು?” ಎಂದು ಕೇಳಿದರೆ, “ಆಯ್ತು” ಅನ್ನುತ್ತಿದ್ದಳು, ಅಷ್ಟೇ. ಎಷ್ಟೋ ದಿನದ ಮೇಲೆ ಇಲಾಖೆಯವರು ವಿಚಾರಣೆ ಮಾಡಿ ಅವಳದೇನೂ ತಪ್ಪಿಲ್ಲ ಎಂದು ಬರೆದುಕೊಟ್ಟರು. ಅದನ್ನು ಯಾವ ಪತ್ರಿಕೆಯೂ ಹಾಕಲಿಲ್ಲ.

ಅದಕ್ಕೂ ಮುಂಚೆ, ಪತ್ರಿಕೆ ಬಂದ ಕೆಲವೇ ದಿನಕ್ಕೆ, ಒಂದು ಬೆಳಿಗ್ಗೆ ನಮ್ಮ ಮನೆ ಮುಂದೆ ಚಲುವರಾಜುವಿನ ಬೈಕು ನಿಂತಿತು. ಹಿಂದೆ ಮಂಚಮ್ಮ. ಚೀಲದಲ್ಲಿ ಅವರೇಕಾಯಿ ತಂದಿದ್ದಳು. ಒಳಗೆ ಬಂದವಳೇ ಶಬ್ರೀನಳ ಎರಡೂ ಕೈ ಹಿಡಿದುಕೊಂಡಳು. “ನನ್ ಸೊಸೆ ಇವತ್ತು ಓಡಾಡ್ತಾವ್ಳೆ ಅಂದ್ರೆ ಈ ಕೈಯಿಂದ ಕಣವ್ವ. ಆ ಪೇಪರ್ನಾಗೆ ಏನೋ ಬಂದದಂತೆ, ಮಗ ನೆನ್ನೆ ಓದ್ದ. ನಾನು ಅಂಗಂದೇ ಇಲ್ಲ. ಆ ದೇವ್ರಾಣೆಗೂ ಅಂದಿಲ್ಲ” ಎಂದು ಅತ್ತಳು. ಹಾಗಾದರೆ ಏನಂದಿರಿ ಎಂದು ನಾನು ಕೇಳಿದೆ. “ಮನೆದ್ಯಾವ್ರನ್ನ ಬೈದೆ ಕಣ್ ಮೇಷ್ಟ್ರೇ. ತಿಂದ್ಬುಟ್ಯಲ್ಲಪ್ಪೋ ನನ್ ಕೂಸ ಅಂತ ಬೈದೆ. ಇನ್ಯಾರ ಬೈಲಿ?”

ದೇವರಾಜು, ಅವಳು ದೇವರ ಮುಖಕ್ಕೆ ಮುಖ ಕೊಟ್ಟು ‘ತಿಂದುಬಿಟ್ಟೆಯಲ್ಲಪ್ಪೋ’ ಎಂದಿದ್ದಳು. ನೀವು ಅದನ್ನು ‘ತಿಂದುಬಿಟ್ಟಳಲ್ಲಪ್ಪೋ’ ಮಾಡಿದಿರಿ. ಮಧ್ಯಮ ಪುರುಷವನ್ನು ತೆಗೆದು ಪ್ರಥಮ ಪುರುಷ ಹಾಕಿದಿರಿ. ಒಂದೇ ಒಂದು ಪ್ರತ್ಯಯ. ಜೀವನವಿಡೀ ಮಕ್ಕಳಿಗೆ ಅದನ್ನೇ ಕಲಿಸುತ್ತಾ ಬಂದವನು ನಾನು. ಆ ಪ್ರತ್ಯಯಕ್ಕೆ ಒಬ್ಬ ಹುಡುಗಿಯನ್ನು ಬಾಗಿಲಾಚೆ ನಿಲ್ಲಿಸುವಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ.

ನಿನ್ನ ಆಫೀಸಿಗೆ ಹೋಗಬೇಕೆಂದು ಹಟ ಹಿಡಿದವಳು ಮಂಚಮ್ಮನೇ. ಶಬ್ರೀನ್ ಬರಲಿಲ್ಲ. “ಛೋಡೋ ಅಬ್ಬಾ, ಬಿಟ್ಟುಬಿಡಿ. ಮತ್ತೆ ಬರೀತಾರೆ” ಎಂದಳು. ನಾನು, ಮಂಚಮ್ಮ, ಚಲುವರಾಜು ಬಸ್ಸು ಹತ್ತಿ ಪಾಂಡವಪುರಕ್ಕೆ ಬಂದೆವು. ನೀನು ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದೆ, ಟೀ ತರಿಸಿದೆ. ನಾನು ವಿಷಯ ಹೇಳಿದಾಗ ನಿನ್ನ ಮುಖ ಇಳಿದದ್ದು ನಿಜ. ಆಗ ನೀನು ಆಡಿದ ಮಾತು ನನಗೆ ಅಕ್ಷರ ಬಿಡದಂತೆ ನೆನಪಿದೆ. “ಅಯ್ಯೋ, ನಿನ್ ಮಗಳಾ? ನಂಗೊತ್ತೇ ಇರ್ಲಿಲ್ಲ ಕಣ್ಲಾ. ಯಾರೋ ಸಾಬ್ರ ಹುಡ್ಗಿ ಅಂದ್ಕಂಬುಟ್ಟೆ.”

ಸಮಾಧಾನ ಮಾಡಲೆಂದೇ ನೀನು ಹಾಗಂದದ್ದು. ನನಗದು ಗೊತ್ತು. ತಲೆಬರಹಕ್ಕಿಂತ ಆ ಸಮಾಧಾನವೇ ನನ್ನನ್ನು ಹೆಚ್ಚು ಸುಸ್ತು ಮಾಡಿತು. ಯಾರೋ ಸಾಬರ ಹುಡುಗಿಯಾಗಿದ್ದರೆ, ಅವಳಿಗೊಬ್ಬ ಅಪ್ಪ ಎಲ್ಲೋ ಗುಜರಿ ಅಂಗಡಿಯಲ್ಲೋ ಲಾರಿ ಸ್ಟ್ಯಾಂಡಿನಲ್ಲೋ ಇದ್ದಿದ್ದರೆ, ಅವನಿಗೆ ನಿನ್ನ ಗೆಳೆತನ ಇಲ್ಲದೇ ಹೋಗಿದ್ದರೆ, ಆ ಪುಟ ಸರಿಯಾಗಿಯೇ ಇತ್ತು ಎಂದಾಯಿತಲ್ಲ.

ಮಂಚಮ್ಮ ನಿಂತುಕೊಂಡೇ ಮಾತಾಡಿದಳು. “ಸ್ವಾಮಿ, ನಾನು ದ್ಯಾವ್ರನ್ನ ಬೈದಿದ್ದು. ನನ್ ದ್ಯಾವ್ರು, ಇವತ್ತು ಬೈತೀನಿ, ನಾಳೀಕೆ ಪೂಜೆನೂ ಮಾಡ್ತೀನಿ. ಅದ ತಗಂಡೋಗಿ ಆ ಎಣ್ಮಗಿನ ತಲೆ ಮ್ಯಾಲೆ ಆಕ್ಬುಟ್ರಲ್ಲ, ನಿಮಗೇನು ಮಾಡಿತ್ತು ಅದು?” ನೀನು ನಗುತ್ತಾ, “ಓದೋರಿಗೆ ಅರ್ಥ ಆಗ್ಲಿ ಅಂತ ಒಸಿ ತಿದ್ದಿರ್ತೀವಿ ಕಣಜ್ಜಿ” ಎಂದೆ. “ನಂಗೇ ಅರ್ಥ ಆಗ್ನಿಲ್ವಲ್ಲ ಮತ್ತೆ” ಎಂದಳು. ನಿನ್ನ ಹುಡುಗರು ಕಂಪ್ಯೂಟರಿನ ಹಿಂದೆ ನಕ್ಕರು. ಮುಂದಿನ ವಾರ ಸ್ಪಷ್ಟನೆ ಹಾಕ್ತೀನಿ ಎಂದು ನೀನು ಮಾತು ಕೊಟ್ಟೆ.

ಎದ್ದು ಬರುವಾಗ ನಾನು, “ಬರ್ತೀನಿ ಸಾರ್” ಅಂದೆ. ನೀನು ತಮಾಷೆ ಅಂದುಕೊಂಡು ಬೆನ್ನಿಗೆ ಗುದ್ದಿದೆ. ತಮಾಷೆಯಾಗಿರಲಿಲ್ಲ. ಏಕವಚನ ನಮ್ಮಿಬ್ಬರ ನಡುವೆ ಸಲಿಗೆಯಾಗಿತ್ತು. ಅದೇ ಏಕವಚನ ನಿನ್ನ ಕೈಯಲ್ಲಿ ಏನೇನಾಯಿತೆಂದು ನೋಡಿದ ಮೇಲೆ ಆ ಹೊತ್ತಿಗೆ ಅದು ನನ್ನ ನಾಲಿಗೆಗೆ ಬರಲಿಲ್ಲ. ಈಗ ಬರೆಯುವಾಗ ಮಾತ್ರ ಹೇಗೋ ಬರುತ್ತಿದೆ. ಅಭ್ಯಾಸಬಲ.

ಸ್ಪಷ್ಟನೆ ಬಂತು. ಒಳಪುಟದಲ್ಲಿ, ಟ್ರಾಕ್ಟರು ಟೈರಿನ ಜಾಹೀರಾತಿನ ಮಗ್ಗುಲಿಗೆ. ‘ಶಬ್ರೀನ್ ಎಂಬಾಕೆ ತನ್ನದೇನೂ ತಪ್ಪಿಲ್ಲವೆಂದು ಹೇಳಿಕೊಂಡಿದ್ದಾಳೆ. ಬಾಣಂತಿಯ ಕಡೆಯವರೂ ಈಗ ಉಲ್ಟಾ ಹೊಡೆದಿದ್ದಾರೆ. ಈ ದಿಢೀರ್ ಬದಲಾವಣೆಯ ಮರ್ಮವೇನು?’ ಇಷ್ಟೇ. ನೀನೇ ಬರೆದೆಯೋ, ನಿನ್ನ ಹುಡುಗರು ಬರೆದರೋ ಗೊತ್ತಿಲ್ಲ. ಯಾರೂ ಬರೆದಿರಲಿಕ್ಕಿಲ್ಲ, ಅದು ತಾನಾಗಿಯೇ ಬಂದಿರಬೇಕು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಇಷ್ಟು ವರ್ಷ ಒಂದೇ ರೀತಿ ಬರೆದ ಕೈಗೆ ಬೇರೆ ರೀತಿ ಬರೆಯಲು ಬರುವುದಿಲ್ಲ. ‘ಹೇಳಿದ್ದಾರೆ’ ಎಂದು ಬರೆಯಬೇಕಾದ ಕಡೆ ‘ಹೇಳಿಕೊಂಡಿದ್ದಾಳೆ’ ಎಂದೇ ಹರಿಯುತ್ತದೆ. ಆ ‘ಕೊಂಡಿದ್ದಾಳೆ’ಯಲ್ಲಿ ನನ್ನ ಮಗಳು ಇನ್ನೊಂದು ಸಲ ಸುಳ್ಳುಗಾತಿಯಾದಳು. ಮಂಚಮ್ಮನಿಗೆ ಸಾಬರ ಕಡೆಯಿಂದ ಏನೋ ಸಿಕ್ಕಿರಬೇಕೆಂದು ಊರಲ್ಲಿ ಮಾತು ಹುಟ್ಟಿತು. ಹಾಲಿನ ಡೇರಿಯ ಹತ್ತಿರ ಅವಳು ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರಂತೆ.

ಶಬ್ರೀನ್ ವರ್ಗಾವಣೆ ಕೇಳಿ ಪಡೆದುಕೊಂಡು ನಾಗಮಂಗಲದ ಕಡೆ ಹೋದಳು. ಅಲ್ಲೊಂದು ಸಣ್ಣ ಮನೆ ಹಿಡಿದಿದ್ದಾಳೆ. ಅಲ್ಲಿಯವರಿಗೆ ಅವಳು ‘ಸಿಸ್ಟರ್’, ಅಷ್ಟೇ. ಗೋಣಿಚೀಲದಲ್ಲಿ ಪಾತ್ರೆ ಕಟ್ಟುವಾಗ ನಜ್ಮುನ್ನೀಸಾ, “ಏನು ತಪ್ಪು ಮಾಡಿದೀಯ ಅಂತ ಊರು ಬಿಡ್ತೀಯ?” ಎಂದು ಕೇಳಿದಳು. “ತಪ್ಪು ಮಾಡಿದ್ರೆ ಇಲ್ಲೇ ಇರಬಹುದಿತ್ತು ಅಮ್ಮೀ. ತಪ್ಪಾಯ್ತು ಅಂತ ಹೇಳಿ ಮುಗಿಸ್ಬಹುದಿತ್ತು” ಎಂದಳು.

ಕೇಸು ಹಾಕಿ ಎಂದವರಿದ್ದಾರೆ. ಹಾಕಲಿಲ್ಲ. ಧೈರ್ಯ ಇಲ್ಲವೆಂದಲ್ಲ. ನಿನ್ನ ಪತ್ರಿಕೆಯ ಕನ್ನಡಕ್ಕೆ ಕೋರ್ಟಿನ ಕನ್ನಡದಲ್ಲಿ ಉತ್ತರ ಕೊಡುತ್ತಾ ಉಳಿದ ಆಯುಷ್ಯ ಕಳೆಯುವಷ್ಟು ಕಸುವು ನನ್ನಲ್ಲಿ ಉಳಿದಿರಲಿಲ್ಲ. ಮುಂದಿನ ವರ್ಷ ನಿವೃತ್ತಿ. ಪ್ರತ್ಯಯಗಳನ್ನು ಇನ್ನು ಬೇರೆಯವರು ಕಲಿಸಲಿ.

ಇಷ್ಟೆಲ್ಲ ಬರೆಯಲು ಕಾರಣ ನಿನ್ನ ಮೆಸೇಜು ಒಂದೇ ಅಲ್ಲ. ಹೋದ ವಾರ ಶಾಲೆಯ ಜಗಲಿಯಲ್ಲಿ ಕೂತಿದ್ದಾಗ ಮಂಚಮ್ಮನ ಫೋನು ಬಂತು. ರಂಜಿತ ಮತ್ತೆ ಬಸುರಿಯಾಗಿದ್ದಳೆಂದು ನನಗೆ ಗೊತ್ತಿತ್ತು. ಹತ್ತಿರದ ಆಸ್ಪತ್ರೆಗೆ ಹೋಗಿ ಎಂದು ಆಶಾ ಕಾರ್ಯಕರ್ತೆ ಎಷ್ಟು ಹೇಳಿದರೂ ಆ ಹುಡುಗಿ ಒಪ್ಪಿಲ್ಲ. ದಿನ ಹತ್ತಿರ ಬಂದಾಗ ಚಲುವರಾಜು ನಾಗಮಂಗಲದಲ್ಲಿ ನೆಂಟರ ಮನೆ ನೋಡಿ ಅವಳನ್ನೂ ಮಂಚಮ್ಮನನ್ನೂ ಬಿಟ್ಟು ಬಂದಿದ್ದ. ಮಂಚಮ್ಮ ಫೋನಿನಲ್ಲಿ ಕೂಗಿಕೊಂಡೇ ಮಾತಾಡುತ್ತಾಳೆ. “ಮೇಷ್ಟ್ರೇ, ಎಣ್ ಕೂಸು! ಎಂಗೆ ಅಳ್ತಾ ಅದೆ ಕೇಳ್ರಿ! ನಿಮ್ ಮಗಳೇ ಇಡ್ಕಂಡಿದ್ದು!” ಕೂಸಿನ ಅಳು ಕೇಳಿಸಿತು. ಮಕ್ಕಳು ನೋಡುತ್ತಿದ್ದರು ಎಂದು ಕನ್ನಡಕ ಒರೆಸುವ ನೆಪ ಮಾಡಿದೆ.

ಸಂಜೆ ಶಬ್ರೀನಳಿಗೆ ಫೋನು ಮಾಡಿದೆ. ಅವಳು ಹಳೆಯ ಹಾಗೆ ತೂಕ ಹೇಳುತ್ತಾಳೆ, ಕೂದಲೆಷ್ಟಿದೆ ಹೇಳುತ್ತಾಳೆ ಎಂದು ಕಾದೆ. ಅವಳು ಅಂದದ್ದು ಬೇರೆ, “ಅಬ್ಬಾ, ಕೂಸು ಹೊರಗೆ ಬಂದು ಅಳೋಕೆ ಮುಂಚೆ ಒಂದು ಗಳಿಗೆ ಸುಮ್ಮನಿರುತ್ತಲ್ಲ, ಆ ಗಳಿಗೆಯಲ್ಲಿ ನಾನು ಕೂಸನ್ನ ನೋಡಲಿಲ್ಲ. ರಂಜಿತನ್ನೂ ನೋಡಲಿಲ್ಲ. ಇದೂ ಅಳದೇ ಹೋದರೆ ನನ್ನನ್ನ ಏನಂತ ಬರೀತಾರೆ ಅಂತ ಅದೊಂದೇ ಬಂತು ತಲೆಗೆ.”

ಇದು ನಿನಗೆ ತಿಳಿದಿರಲಿ ಎಂದಷ್ಟೇ ಬರೆದೆ. ಉತ್ತರ ಬೇಡ, ಫೋನೂ ಬೇಡ. ನಿನ್ನ ಮನೆಯವರೆಲ್ಲ ಸುಖವಾಗಿರಲಿ. ಯಾವ ಪತ್ರಿಕೆಯ ಕಣ್ಣೂ ಅವರ ಮೇಲೆ ಬೀಳದಿರಲಿ.

ಇನಾಯತುಲ್ಲಾ
ಕೆ.ಆರ್. ಪೇಟೆ